ಕತ್ತಲಲ್ಲಿ ಬಂದವರು ಯಾರು?

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ವೇಳೆಗೆ ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಹೊಲಗಳಲ್ಲಿ ರಾಗಿಯ ತೆನೆ ಬಲಿತು ನಿಂತಿರುತ್ತದೆ. ಕಾವೇರಿ ವನ್ಯಜೀವಿಧಾಮ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಗಳ ಕಾಡಿನಿಂದ ಆನೆಗಳು ಆ ಹೊಲಗಳಿಗೆ ಇಳಿಯುತ್ತವೆ. ಒಂದೇ ರಾತ್ರಿಯಲ್ಲಿ ಒಂದು ಸಂಸಾರದ ವರ್ಷದ ಅನ್ನ ಮಣ್ಣುಪಾಲಾಗುವುದುಂಟು. ಮಾಗಡಿ, ರಾಮನಗರಗಳ ಬಂಡೆಬೆಟ್ಟಗಳ ತಪ್ಪಲಿನಲ್ಲಿ ಚಿರತೆಯ ಭಯ. ಅಲ್ಲಿ ಆಪತ್ತು ಕೊಟ್ಟಿಗೆಯ ಕರುವಿಗೆ, ಕುರಿಗೆ. ರೈತನು ಅಟ್ಟಣೆಯ ಮೇಲೆ ಕುಳಿತು, ಡಬ್ಬ ಬಡಿದು, ಪಟಾಕಿ ಸಿಡಿಸಿ ಬೆಳಗಿನ ತನಕ ಕಾಯುತ್ತಾನೆ. ಕತ್ತಲಲ್ಲಿ ಸದ್ದಾಯಿತೆನ್ನೋಣ. ಬಂದುದು ಆನೆಯೋ, ಕಾಡುಹಂದಿಯೋ, ರಾತ್ರಿ ವಿದ್ಯುತ್ತು ಬಂದಿತೆಂದು ಪಂಪು ಹಾಕಲು ಹೊರಟ ನೆರೆಹೊಲದವನೋ? ಹಂದಿಯೆಂದು ಬಗೆದು ಕೆಳಗಿಳಿದವನ ಎದುರಿಗೆ ಆನೆ ನಿಂತಿದ್ದರೆ ಅವನ ಪ್ರಾಣಕ್ಕೇ ಅಪಾಯ.

ಈ ಕಾವಲಿನಲ್ಲಿ ಮನುಷ್ಯನಿಗೆ ನೆರವಾಗಬಲ್ಲ ಒಂದು ಸಣ್ಣ ಉಪಕರಣವಿದೆ. ಅದೇ ಅವಕೆಂಪು ಚಲನ ಸಂವೇದಕ.

೧೮೦೦ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪು ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವನ್ನಿಟ್ಟನು. ಪಾದರಸ ಮೇಲೇರಿತು. ಅಲ್ಲಿದ್ದ ಅಗೋಚರ ಕಿರಣಗಳೇ ಅವಕೆಂಪು ಕಿರಣಗಳು. ಇವನ್ನು ಸೂರ್ಯನಷ್ಟೇ ಅಲ್ಲ, ನಿಮ್ಮ ದೇಹವೂ, ಆನೆಯ ದೇಹವೂ, ಹೊಲದ ಕಲ್ಲೂ ಹಗಲಿರುಳು ಹೊರಸೂಸುತ್ತಿರುತ್ತವೆ. ವಸ್ತು ಬಿಸಿಯಾದಷ್ಟೂ ಕಿರಣ ಹೆಚ್ಚು.

ಸಂವೇದಕವು ತಾನಾಗಿ ಯಾವ ಕಿರಣವನ್ನೂ ಬೀರುವುದಿಲ್ಲ; ಬಂದುದನ್ನು ಗ್ರಹಿಸುತ್ತದೆ, ಅಷ್ಟೆ. ಅದರ ಒಳಗೆ ಶಾಖ ಬದಲಾದೊಡನೆ ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸುವ ಸ್ಫಟಿಕದ ಎರಡು ತುಣುಕುಗಳಿವೆ. ಅವುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಸುತ್ತಲಿನ ನೆಲವೆಲ್ಲ ಕಾದರೆ ಎರಡು ತುಣುಕುಗಳೂ ಸಮವಾಗಿ ಕಾದು, ಒಂದರ ವಿದ್ಯುತ್ತು ಇನ್ನೊಂದರದನ್ನು ಅಳಿಸಿಬಿಡುತ್ತದೆ. ಆದರೆ ಬೆಚ್ಚನೆಯ ದೇಹವೊಂದು ಅಡ್ಡ ಹಾದುಹೋದಾಗ ಮೊದಲು ಒಂದು ತುಣುಕು, ಅನಂತರ ಇನ್ನೊಂದು ಅದನ್ನು ಕಾಣುತ್ತದೆ. ಆಗ ವಿದ್ಯುತ್ತು ಏರಿಳಿಯುತ್ತದೆ, ಗಂಟೆ ಬಾರಿಸುತ್ತದೆ. ಕಲ್ಲು ಕಾದು ದೇಹದಷ್ಟೇ ಬಿಸಿಯಾಗುವ ರಾಮನಗರದ ಬೇಸಗೆಯ ಮಧ್ಯಾಹ್ನದಲ್ಲಿ ಈ ಉಪಕರಣವು ಅರೆಗುರುಡು. ನಮ್ಮ ಪುಣ್ಯಕ್ಕೆ ಆನೆಗಳು ಹೊಲಕ್ಕೆ ಇಳಿಯುವುದು ಹೆಚ್ಚಾಗಿ ತಂಪಾದ ರಾತ್ರಿಯಲ್ಲಿ.

ಇಷ್ಟಾದರೂ ಸಂವೇದಕ ಹೇಳುವುದು ಒಂದೇ ಮಾತು: ಬೆಚ್ಚನೆಯದೇನೋ ಚಲಿಸಿತು. ಯಾರೆಂದು ಅದು ಹೇಳಲಾರದು. ಎರಡು ಮೀಟರು ದೂರದ ನಾಯಿ ಹತ್ತು ಮೀಟರು ದೂರದ ಆನೆಯಂತೆಯೇ ಅದಕ್ಕೆ ತೋರಬಹುದು. ನಾಯಿಗೆಲ್ಲ ಗಂಟೆ ಬಾರಿಸಿದರೆ ನಾಲ್ಕನೆಯ ರಾತ್ರಿಗೆ ಊರಿನವರು ಏಳುವುದಿಲ್ಲ; ಆನೆ ಬರುವುದು ಐದನೆಯ ರಾತ್ರಿಯಿರಬಹುದು. ಆದುದರಿಂದ ಬಂದವರನ್ನು ವಿಂಗಡಿಸುವುದು ಅತ್ಯಗತ್ಯ.

ಇದಕ್ಕೆ ಸುಲಭವಾದ ಉಪಾಯ ಎತ್ತರ. ಸಂವೇದಕದ ಮುಂದಿರುವ ಮಸೂರದಿಂದ ಅದರ ನೋಟವನ್ನು ತೆಳುವಾದ ಪರದೆಯಂತೆ ಕಿರಿದುಗೊಳಿಸಬಹುದು. ಅಂಥ ನೋಟವನ್ನು ನೆಲದಿಂದ ೨ ಮೀಟರಿಗಿಂತ ತುಸು ಮೇಲೆ ಅಡ್ಡಲಾಗಿ ಹಾಯಿಸಿದರೆ ಮನುಷ್ಯನೂ ಹಸುವೂ ಅದರ ಕೆಳಗೆ ಹಾದುಹೋಗುವರು; ಬೆಳೆದ ಆನೆ ಮಾತ್ರ ಅದಕ್ಕೆ ಸಿಕ್ಕುತ್ತದೆ. ಮರಿಯಾನೆ ತಪ್ಪಿಸಿಕೊಂಡೀತು, ನಿಜ; ಆದರೆ ಮರಿಯ ಬಳಿಯಲ್ಲಿ ತಾಯಿ ಇದ್ದೇ ಇರುತ್ತದೆ. ಎದೆಯ ಎತ್ತರದಲ್ಲಿ ಇನ್ನೊಂದನ್ನಿಟ್ಟರೆ ಮನುಷ್ಯನು ಅದಕ್ಕೆ ಕಾಣುವನು. ನಾಯಿ, ಹಂದಿ, ಚಿರತೆಗಳು ಕಾಣವು. ಮೇಲಿನದೂ ಕೆಳಗಿನದೂ ಒಟ್ಟಿಗೆ ಕೂಗಿದರೆ ಆನೆ; ಕೆಳಗಿನದು ಮಾತ್ರ ಕೂಗಿದರೆ ಬಹುಶಃ ಮನುಷ್ಯ. ಬಹುಶಃ ಎಂದುದೇಕೆಂದರೆ, ತಲೆಯೆತ್ತಿ ನಡೆಯುವ ಎತ್ತೂ ಎದೆಯೆತ್ತರಕ್ಕೆ ಬರುತ್ತದೆ. ಬಂಡೆಯೇರಿದ ಚಿರತೆಯೂ ಬರುತ್ತದೆ. ಏರುತಗ್ಗಿನ ನೆಲದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ.

ಸಂಶಯ ಉಳಿದಲ್ಲಿ ಚಿತ್ರವೇ ಸಾಕ್ಷಿ. ಸಂವೇದಕವು ಕ್ಯಾಮೆರಾವನ್ನು ಎಚ್ಚರಿಸಿದರೆ ಸಾಕು; ಯಾರೆಂಬುದನ್ನು ಕ್ಯಾಮೆರಾ ಹೇಳುತ್ತದೆ. ಡಾ. ಉಲ್ಲಾಸ ಕಾರಂತರು ೧೯೯೦ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಇಂಥ ಸ್ವಯಂಚಾಲಿತ ಕ್ಯಾಮೆರಾಗಳಿಂದಲೇ, ಪಟ್ಟೆಗಳನ್ನು ಹೋಲಿಸಿ, ಎಣಿಸಿದರು. ಕಾವೇರಿ ವನ್ಯಜೀವಿಧಾಮದ ಚಿರತೆಗಳನ್ನೂ ಅವುಗಳ ಮೈಚುಕ್ಕೆಗಳಿಂದ ಹೀಗೆಯೇ ಗುರುತಿಸಿದ್ದಾರೆ. ಇಂದು ಚಿತ್ರವನ್ನು ನೋಡಿ ಆನೆ, ಮನುಷ್ಯ ಎಂದು ವಿಂಗಡಿಸುವ ಕೆಲಸವನ್ನು ಗಣಕಯಂತ್ರಕ್ಕೂ ಕಲಿಸಲಾಗಿದೆ.

ಉಳಿದುದು ಕಾಲದ ಪ್ರಶ್ನೆ. ಸಾಮಾನ್ಯ ಸಂವೇದಕದ ನೋಟ ಹತ್ತು ಹನ್ನೆರಡು ಮೀಟರಿಗೆ ಮುಗಿಯುತ್ತದೆ. ಅದನ್ನು ಹೊಲದ ಬದುವಿನಲ್ಲಿ ಕಟ್ಟಿದರೆ ಗಂಟೆ ಬಾರಿಸುವ ಹೊತ್ತಿಗೆ ಆನೆಯು ರಾಗಿಯೊಳಗೆ ಕಾಲಿಟ್ಟಿರುತ್ತದೆ. ಕಾಡಿನಿಂದ ಇಳಿಯುವ ಜಾಡಿನಲ್ಲಿ, ಊರಿಗೆ ಅರ್ಧ ಕಿಲೋಮೀಟರು ಮೊದಲೇ ಕಟ್ಟಿದರೆ, ಗಂಟೆಗೆ ೫ ಕಿಲೋಮೀಟರಿನಂತೆ ನಡೆದು ಬರುವ ಆನೆಗೆ ೬ ನಿಮಿಷ ಬೇಕು. ಪಂಪು ಹಾಕಲು ಹೊರಟವನು ಅಷ್ಟರಲ್ಲಿ ಮನೆಗೆ ಹಿಂದಿರುಗಬಹುದು.