ಮಳೆಕಾಡಿನ ಕ್ಷೇತ್ರಕಾರ್ಯಕ್ಕೆ ತಕ್ಕ ಕತ್ತಿ

ಪಶ್ಚಿಮಘಟ್ಟಗಳ ನಿತ್ಯಹರಿದ್ವರ್ಣದ ಕಾಡುಗಳಿಗೆ ಸಸ್ಯಸಂಗ್ರಹಕ್ಕೆಂದು ಹೊರಡುವವರು ಎಂತಹ ಕತ್ತಿಯನ್ನು ಒಯ್ಯಬೇಕೆಂಬ ಪ್ರಶ್ನೆ ನಮ್ಮ ವಿಭಾಗದಲ್ಲಿ ವರ್ಷವರ್ಷವೂ ಏಳುತ್ತದೆ. ಇದು ಅಲ್ಪವಿಷಯವೆಂದು ತೋರಬಹುದು. ಆದರೆ ತಕ್ಕುದಲ್ಲದ ಅಲಗಿನಿಂದ ಕಾಲಿಗೆ ಗಾಯವಾಗುವಂತೆಯೇ ಮರದ ಗುರುತೂ ತಪ್ಪುವ ಸಂಭವವುಂಟು.

ದಕ್ಷಿಣ ಅಮೆರಿಕದ ಮಚೇಟಿ ಎಂಬ ಕತ್ತಿಯ ಅಲಗು ನೀಳವೂ ತೆಳುವೂ ಆದುದು; ರಸಭರಿತವಾದ ಎಳೆಗಿಡಗಳ ನಡುವೆ ಅದನ್ನು ಬೀಸುತ್ತ ಸಾಗಬಹುದು. ಮಲಯದ ಪಾರಂಗ್ ಅದಕ್ಕಿಂತ ದಪ್ಪನಾದುದು, ಗಡುಸಾದ ಕಾಂಡಕ್ಕೆ ಒಗ್ಗುವಂಥದು. ನಮ್ಮ ಮಲೆನಾಡಿನಲ್ಲಿ ದಾರಿಗೆ ಅಡ್ಡವಾಗುವುವು ಬೆತ್ತ, ವಾಟೆ, ಬಿದಿರು, ಮುಳ್ಳುಬಳ್ಳಿಗಳು. ಬಿದಿರಿನ ಹೊರಮೈ ಸಿಲಿಕಾಂಶದಿಂದ ನುಣುಪಾಗಿಯೂ ಕಠಿನವಾಗಿಯೂ ಇರುವುದರಿಂದ ತೆಳ್ಳನೆಯ ಅಲಗು ಅದರ ಮೇಲೆ ಜಾರಿ ಪುಟಿಯುತ್ತದೆ. ನಮ್ಮ ತಂಡದವರೊಬ್ಬರ ಮೊಣಕಾಲಿನ ಕೆಳಗೆ ಒಮ್ಮೆ ಹೀಗೆಯೇ ಪೆಟ್ಟು ಬಿದ್ದಿತು. ವಾಹನ ನಿಂತಿದ್ದ ಸ್ಥಳಕ್ಕೆ ಅಲ್ಲಿಂದ ಮೂರು ಗಂಟೆಯ ನಡಿಗೆ. ಅಂದಿನಿಂದ ನಾವು, ಮಲೆನಾಡಿನ ರೈತರು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಗಿಡ್ಡನೆಯ ಕತ್ತಿಯನ್ನೇ ಒಯ್ಯುತ್ತಿದ್ದೇವೆ. ಅದರ ಬೆನ್ನು ದಪ್ಪ, ತುದಿ ಒಳಮುಖವಾಗಿ ಬಾಗಿದುದು. ಬಾಗಿದ ತುದಿಯಿಂದ ಬೆತ್ತವನ್ನು ತನ್ನತ್ತ ಎಳೆದು ಕೊಯ್ಯಬಹುದಾದುದರಿಂದ ಬೀಸುವುದಕ್ಕೆ ಸ್ಥಳವೇ ಬೇಕಿಲ್ಲ. ಕೊಕ್ಕೆಯಲ್ಲಿ ಅಲಗು ಬರಿದಾಗಿರುವುದೊಂದು ದೋಷ. ರೈತನಿಗೆ ಅದು ಅಭ್ಯಾಸ. ಪಟ್ಟಣದಿಂದ ಬಂದು ಜಿಗಣೆಗೆ ಹೆದರಿ ಹಾರುವವರಿಗೆ ಚರ್ಮದ ಒರೆಯೇ ಲೇಸು.

ಊರ ಕಮ್ಮಾರನು ಹದಗೊಳಿಸಿದ ಇಂಗಾಲದ ಉಕ್ಕು, ಅರದಿಂದಲೋ ಸಾಣೆಕಲ್ಲಿನಿಂದಲೋ ಬೇಗನೆ ಹರಿತವಾಗುತ್ತದೆ. ಆಗುಂಬೆಯಂತಹ ಕಡೆ, ಎಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಲ್ಲಿ, ಅದು ಬೇಗನೆ ತುಕ್ಕು ಹಿಡಿಯುವುದೂ ನಿಜ. ಸಂಜೆ ಒರೆಸಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಆದರೆ ಮರವನ್ನು ಗುರುತಿಸಲು ತೊಗಟೆಗೆ ಹಾಕುವ ಕಚ್ಚಿಗೆ ಈ ಕತ್ತಿ ಸಲ್ಲದು. ಎತ್ತರದ ಮರಗಳ ಹೂಹಣ್ಣುಗಳು ಕೈಗೆಟುಕದಿರುವಾಗ ಕಚ್ಚಿನ ಬಣ್ಣ, ಒಸರುವ ಹಾಲು, ವಾಸನೆಗಳೇ ಆಧಾರ. ಪಾಸ್ಕಲ್ ಮತ್ತು ರಮೇಶ್ ಅವರು 1987ರಲ್ಲಿ ಪ್ರಕಟಿಸಿದ, ಪಶ್ಚಿಮಘಟ್ಟದ ಮರಬಳ್ಳಿಗಳ ಗುರುತುಕೈಪಿಡಿಯಲ್ಲಿಯೂ ಇಂತಹ ಲಕ್ಷಣಗಳಿಗೆ ಸ್ಥಾನವುಂಟು. ತೊಗಟೆಯ ಟ್ಯಾನಿನ್ನು ಕಬ್ಬಿಣದೊಡನೆ ಕೂಡಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದು ಈ ಗುಣದಿಂದಲೇ. ತುಕ್ಕು ಹಿಡಿದ ಅಲಗು ಬಿಟ್ಟ ಕಲೆಯನ್ನು ಮರದ ಸ್ವಂತ ಬಣ್ಣವೆಂದು ಬರೆದುಕೊಂಡವರನ್ನು ನಾವು ಕಂಡಿದ್ದೇವೆ. ಆದುದರಿಂದ ಕಚ್ಚಿಗೆ ತುಕ್ಕುಹಿಡಿಯದ ಉಕ್ಕಿನ ಚಿಕ್ಕ ಚಾಕುವೊಂದು ಬೇರೆಯಾಗಿಯೇ ಇರಲಿ. ಪ್ರತಿ ಮರಕ್ಕೂ ಅದನ್ನು ಒರೆಸತಕ್ಕದ್ದು. ಹೊಲಗೇರಿನ ಸೊನೆ ತಗುಲಿದರೆ ಮೈಮೇಲೆ ಬೊಕ್ಕೆಗಳೇಳುತ್ತವೆ. ಬುತ್ತಿಯ ಹಣ್ಣನ್ನು ಆ ಚಾಕುವಿನಿಂದ ಹೆಚ್ಚಬಾರದು. ಮಾದರಿಯ ರೆಂಬೆಗೆ ತೋಟದ ಕತ್ತರಿಯೇ ಸಾಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆಯುಧವೆಂಬ ಪದ ಚಾಕುವನ್ನೂ ಒಳಗೊಂಡಿದೆ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಅದನ್ನು ಒಯ್ಯುವಂತಿಲ್ಲ. ಸಂಗ್ರಹದ ಅನುಮತಿಗೆ ಅರ್ಜಿ ಬರೆಯುವಾಗಲೇ ಕತ್ತಿ, ಚಾಕು, ಕತ್ತರಿಗಳ ಸಂಖ್ಯೆಯನ್ನೂ ಅಲಗಿನ ಉದ್ದವನ್ನೂ ನಮೂದಿಸತಕ್ಕದ್ದು.