ಚಳಿಯಿಲ್ಲದ ಊರಿನಲ್ಲಿ ನಿಂತ ಗಾಡಿ

ಮಿನ್ನೆಸೋಟಾದಲ್ಲಿರುವ ನಮ್ಮ ಕೇಳುಗರೊಬ್ಬರು ಕೇಳಿದ್ದಾರೆ: ಬೇಸಿಗೆಯಲ್ಲಿ ಸುತ್ತಾಡೋಕೆ ಅಂತ ಕೊಂಡ ಮೋಟರ್‌ಹೋಮ್ ಅನ್ನು ಚಳಿಗಾಲ ಪೂರ್ತಿ ನಿಲ್ಲಿಸಬೇಕು, ಏನೇನು ಜೋಪಾನ ಮಾಡಬೇಕು? ಇದನ್ನು ಓದುವಾಗ ನಾವು ಕೂತಿದ್ದದ್ದು ಸಿಂಗಪುರದ ಉಬಿಯಲ್ಲಿ. ಹೊರಗೆ ಜಡಿಮಳೆ. ಇಲ್ಲಿ ಚಳಿಗಾಲ ಅನ್ನೋದೇ ಇಲ್ಲ. ಆದರೂ ಆ ಪ್ರಶ್ನೆ ನಮಗೆ ಚುರುಕ್ ಅಂತು. ಯಾಕೆ ಅಂತ ಆಮೇಲೆ ಹೇಳ್ತೀವಿ.

ಮೊದಲು ಅವರಿಗೆ ಉತ್ತರ. ಅಲ್ಲಿ ಶತ್ರು ಮಂಜುಗಡ್ಡೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪು, ಪಂಪು, ಗೀಸರ್ ಎಲ್ಲ ಸೀಳಿಹೋಗುತ್ತವೆ. ಹಾಗಾಗಿ ನೀರನ್ನು ಪೂರ್ತಿ ಖಾಲಿ ಮಾಡಿ, ಕುಡಿಯುವ ನೀರಿನ ಪೈಪಿಗೆಂದೇ ಸಿಗುವ ಪ್ರೊಪಿಲೀನ್ ಗ್ಲೈಕಾಲ್ ದ್ರವ ತುಂಬಿಸಿ. ಎಂಜಿನ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ, ಅದು ವಿಷ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಇಳಿದ ಬ್ಯಾಟರಿಯೊಳಗಿನ ಆಮ್ಲ ಹೆಚ್ಚುಕಮ್ಮಿ ನೀರೇ ಆಗಿರುವುದರಿಂದ ಬೇಗ ಹೆಪ್ಪುಗಟ್ಟುತ್ತದೆ. ಇಲಿ ನುಗ್ಗುವ ಸಂದುಗಳಿಗೆ ಸ್ಟೀಲ್ ಉಣ್ಣೆ ತುರುಕಿ. ಅಲ್ಲಿಗೆ ನಿಮ್ಮ ಕೆಲಸ ಬಹುಪಾಲು ಮುಗೀತು, ಯಾಕಂದ್ರೆ ಮೈನಸ್ ಇಪ್ಪತ್ತರಲ್ಲಿ ಏನೂ ಬೆಳೆಯಲ್ಲ.

ನಮ್ಮ ಕಡೆ ಎಲ್ಲವೂ ಬೆಳೆಯುತ್ತದೆ.

ಉಬಿ ಅಂದರೆ ಮಲಯ ಭಾಷೆಯಲ್ಲಿ ಗೆಡ್ಡೆ, ಗೆಣಸು. ಈಗ ಇಲ್ಲಿರುವುದು ಕಾರ್ ಶೋರೂಮು, ವರ್ಕ್‌ಶಾಪು, ಪಕ್ಕದಲ್ಲೇ ವಸತಿ ಬ್ಲಾಕುಗಳು. ಕ್ಯಾರವಾನ್ ಅಂತೂ ಇಲ್ಲಿ ಅಪರೂಪ. ಆದರೆ ಶಾಲೆಗಳಿಗೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ ರಜೆ. ಕನ್ನಡದ ಮನೆಗಳು ಊರಿಗೆ ಹೊರಡೋದು ಆಗಲೇ. ಆರು ವಾರ ಕಾರು ಬಹುಮಹಡಿ ಕಾರ್ ಪಾರ್ಕಿನಲ್ಲಿ ನಿಂತೇ ಇರುತ್ತದೆ. ಈಶಾನ್ಯ ಮಾನ್ಸೂನಿನ ಜೋರು ಮಳೆ ಶುರುವಾಗೋದೂ ಡಿಸೆಂಬರಿನಲ್ಲೇ.

ಎರಡು ವರ್ಷದ ಹಿಂದೆ ನಾವೂ ಹೀಗೇ ಹೋಗಿದ್ದೆವು. ವಾಪಸ್ ಬಂದ ಮರುದಿನ ಮಗನನ್ನು ಶಾಲೆಗೆ ಬಿಡೋಕೆ ಅಂತ ಬಾಗಿಲು ತೆಗೆದರೆ ಸ್ಟೀರಿಂಗ್, ಸೀಟ್ ಬೆಲ್ಟ್, ಹಿಂದಿನ ಸೀಟು ಎಲ್ಲದರ ಮೇಲೂ ಬೂದು ಹಸಿರು ಬೂಷ್ಟು. ಸೀಟಿನ ಕೆಳಗೆ ಒದ್ದೆ ರೈನ್‌ಕೋಟು, ಅದರ ಜೊತೆ ಅರ್ಧ ತಿಂದ ಕೋಡುಬಳೆ ಪೊಟ್ಟಣ. ಶಾಲೆಗೆ ತಡವಾಗತ್ತೆ ಅಂತ ಒಣ ಬಟ್ಟೆಯಲ್ಲಿ ಗಸಗಸ ಒರೆಸಿ, ಎಸಿ ಹಾಕಿ ಹೊರಟೇಬಿಟ್ಟೆವು. ಹುಡುಗನಿಗೆ ಮೊದಲಿನಿಂದಲೂ ಉಬ್ಬಸ. ಹತ್ತು ನಿಮಿಷಕ್ಕೆ ಕೆಮ್ಮು, ಅರ್ಧ ಗಂಟೆಗೆ ಉಸಿರು ಎಳೆಯೋಕೆ ಒದ್ದಾಟ. ಶಾಲೆಯ ಬದಲು ಕ್ಲಿನಿಕ್ಕಿಗೆ ಹೋದೆವು. ಬೂಷ್ಟಿನ ಬೀಜಕಗಳು ಉಬ್ಬಸವನ್ನು ಕೆರಳಿಸುತ್ತವೆ ಅಂತ ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. ಲ್ಯಾಬಿನಲ್ಲಿ ತಟ್ಟೆ ತಟ್ಟೆ ಶಿಲೀಂಧ್ರ ಬೆಳೆಸುವ ಮಂದಿ ನಾವು. ಒಣ ಬಟ್ಟೆಯಲ್ಲಿ ಒರೆಸಿದ್ದು ಅಂದರೆ ಆ ಬೀಜಕಗಳನ್ನೆಲ್ಲ ಗಾಳಿಗೆ ತೂರಿದ ಹಾಗೆ. ಮಿಕ್ಕಿದ ಕೆಲಸ ಎಸಿ ಮಾಡಿತು.

ಕಾರಿನೊಳಗೆ ಬೀಜಕಗಳು ಯಾವಾಗಲೂ ಇರ್ತವೆ. ಅವುಗಳಿಗೆ ಊಟವೂ ಇದೆ: ಕೈಬೆವರು, ಚರ್ಮದ ಜಿಡ್ಡು, ತಿಂಡಿಯ ಪುಡಿ. ಕೊರತೆ ಇರೋದು ನೀರಿಗೆ ಮಾತ್ರ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 70 ದಾಟಿ ಹಾಗೇ ನಿಂತರೆ ಆ ಕೊರತೆಯೂ ನೀಗುತ್ತದೆ. ಸಿಂಗಪುರದಲ್ಲಿ ವರ್ಷದ ಸರಾಸರಿಯೇ 80ರ ಮೇಲೆ. ಬಿಸಿಲಲ್ಲಿ ನಿಂತ ಕಾರು ಹಗಲಲ್ಲಾದರೂ ಕಾದು ಒಣಗುತ್ತದೆ. ನೆರಳಲ್ಲಿ ನಿಲ್ಲಿಸಿ ಕಾಪಾಡ್ತಿದ್ದೀವಿ ಅಂದುಕೊಂಡ ಕಾರಿಗೆ ಅದೂ ಇಲ್ಲ. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಇಡ್ತಿದ್ದರಲ್ಲ, ಅದರ ಲೆಕ್ಕಾಚಾರ ಇದೇ.

ಹಾಗಾದರೆ ಸೂಪರ್ ಮಾರ್ಕೆಟ್ಟಿನ ತೇವ ಹೀರುವ ಡಬ್ಬಿ ಇಟ್ಟರೆ ಸಾಕಾ? ಲೆಕ್ಕ ಹಾಕೋಣ. ಕಾರಿನೊಳಗೆ ಸುಮಾರು 3 ಘನ ಮೀಟರ್ ಗಾಳಿ ಇದೆ ಅಂತಿಟ್ಟುಕೊಳ್ಳಿ. 28 ಡಿಗ್ರಿಯಲ್ಲಿ, 80ರ ಆರ್ದ್ರತೆಯಲ್ಲಿ, ಅಷ್ಟು ಗಾಳಿಯಲ್ಲಿರುವ ನೀರು ಸುಮಾರು 65 ಗ್ರಾಂ. ಒಂದು ಸಣ್ಣ ಲೋಟ ಫಿಲ್ಟರ್ ಕಾಫಿಯಷ್ಟು. ಡಬ್ಬಿಯೊಳಗಿನ ಕ್ಯಾಲ್ಸಿಯಂ ಕ್ಲೋರೈಡಿಗೆ ಇದು ಯಾವ ಲೆಕ್ಕ! ಆದರೆ ನಿಜವಾದ ನೀರು ಕಾರ್ಪೆಟ್ಟಿನಲ್ಲಿ, ಸೀಟಿನ ಸ್ಪಂಜಿನಲ್ಲಿದೆ. ಹೊರಗಿನ ಗಾಳಿಯೂ ನುಸುಳುತ್ತಲೇ ಇರುತ್ತದೆ. ಅದಕ್ಕೇ ಮೊದಲು ಒಣಗಿಸಬೇಕು, ಆಮೇಲೆ ಹೊರಗಾಳಿಯ ದಾರಿ ಮುಚ್ಚಬೇಕು, ಡಬ್ಬಿ ಕೊನೆಗೆ. ಅದನ್ನೂ ಒಂದು ಬಕೆಟ್ಟಿನೊಳಗೆ ಇಡಿ. ಅದರಲ್ಲಿ ತುಂಬುವ ಉಪ್ಪುನೀರು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ, ಚರ್ಮದ ಸೀಟೂ ಹಾಳು.

ಈ ಸಲ ಹೊರಡುವ ಹಿಂದಿನ ದಿನ ನಾವು ಮ್ಯಾಟು, ಛತ್ರಿ ಎಲ್ಲ ಮನೆಗೆ ತಂದೆವು. ಸ್ಟೀರಿಂಗ್, ಬೆಲ್ಟು ಒರೆಸಿದೆವು. ಕೊನೆಯ ಹತ್ತು ನಿಮಿಷ ಎಸಿಯ ಕಂಪ್ರೆಸರ್ ಆರಿಸಿ ಬರೀ ಫ್ಯಾನ್ ಓಡಿಸಿದೆವು, ಡ್ಯಾಶ್‌ಬೋರ್ಡಿನ ಒಳಗಿರೋ ತಣ್ಣನೆಯ ಕಾಯಿಲ್ ಮೇಲೆ ಕೂತ ನೀರು ಆರಲಿ ಅಂತ. ಆಮೇಲೆ ಗಾಳಿಯ ಗುಂಡಿಯನ್ನು ಒಳಗೇ ಸುತ್ತುವ ಕಡೆಗೆ ತಿರುಗಿಸಿದ್ದಾಯ್ತು. ನೆಲ ಸಮತಟ್ಟಾಗಿದ್ದರಿಂದ ಗೇರನ್ನು ಪಾರ್ಕಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ. ವಾರಗಟ್ಟಲೆ ಎಳೆದಿಟ್ಟರೆ ಪ್ಯಾಡ್ ಅಂಟಿಕೊಳ್ಳಬಹುದು.

ಬ್ಯಾಟರಿ ವಿಷಯದಲ್ಲಿ ಮನೆಯಲ್ಲೇ ಜಗಳ ಆಯ್ತು. ನಿಂತ ಕಾರಿನ ಅಲಾರಂ, ಕಂಪ್ಯೂಟರ್ 30 ಮಿಲಿ ಆಂಪಿಯರ್ ಕುಡಿದರೂ 42 ದಿನಕ್ಕೆ 30 ಆಂಪಿಯರ್-ಅವರ್ ಆಗುತ್ತದೆ, ಅಂದರೆ ಸಾಮಾನ್ಯ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ನೆಗೆಟಿವ್ ತಂತಿ ಬಿಚ್ಚೋಣ ಅಂತ ಒಬ್ಬರು, ಸ್ನೇಹಿತರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳೋಣ ಅಂತ ಇನ್ನೊಬ್ಬರು. ಎರಡನೆಯದೇ ಗೆದ್ದಿತು, ಯಾಕಂದ್ರೆ ಓಡಿಸುವವರು ಬಾಗಿಲು ತೆಗೆದು ಮೂಸಿಯೂ ನೋಡ್ತಾರೆ. ಅವರ ಹೆಸರು ವಿಮೆಯಲ್ಲಿ ಸೇರಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ತೆರೆದ ಜಾಗದಲ್ಲಿ ನಿಲ್ಲಿಸುವವರಿಗೆ ಇನ್ನೊಂದು ಮಾತು. ಕಾರಿಗೆ ಹೊದಿಸಿದ ಕವರ್ ಜೋತುಬಿದ್ದು ಅಲ್ಲಿ ಒಂದು ಬೊಗಸೆ ನೀರು ನಿಂತರೆ ಸಾಕು, ಏಡಿಸ್ ಸೊಳ್ಳೆಗೆ ಅದೇ ಬಾಣಂತಿ ಕೋಣೆ. ಇಲ್ಲಿಯ ಶಾಖದಲ್ಲಿ ಮೊಟ್ಟೆ ಸೊಳ್ಳೆಯಾಗೋಕೆ ಒಂದು ವಾರದಷ್ಟು ಸಾಕು. ನೀವು ಊರಲ್ಲಿ ಹಬ್ಬದೂಟ ಮಾಡ್ತಿರುವಾಗ ಡೆಂಗಿ ಬರೋದು ಪಕ್ಕದ ಮನೆಯವರಿಗೆ.

ಇಷ್ಟಾಗಿಯೂ ಬೂಷ್ಟು ಬಂದರೆ ಮಕ್ಕಳನ್ನು ದೂರವಿಡಿ. ನಾಲ್ಕೂ ಬಾಗಿಲು ತೆಗೆದು, ಎನ್-95 ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲೇ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ನಾವಂತೂ ಈ ಸಲ ಕಾರು ಹೇಗೇ ಇರಲಿ, ಮೊದಲ ದಿನ ಮಗನನ್ನು ಬಸ್ಸಿನಲ್ಲೇ ಕರ್ಕೊಂಡು ಹೋಗ್ತೀವಿ.

ಮಿನ್ನೆಸೋಟಾದವರೇ, ಏಪ್ರಿಲ್‌ನಲ್ಲಿ ಗಾಡಿಯ ಬಾಗಿಲು ತೆಗೆದಾಗ ಒಳಗೆ ಏನು ಕಂಡಿತು ಅಂತ ನಮಗೆ ಬರೆಯಿರಿ.