ಮದ್ದು ಮತ್ತು ಮೈಗಾವಲು

ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವುದುಂಟು. ಅದು ಐಜಿಇ ಎಂಬ ಪ್ರತಿಕಾಯಗಳ ಕೃತ್ಯ. ಆದರೆ ಅಪಸ್ಮಾರದ ಉಪಶಮನಕ್ಕೆಂದು ಕಾರ್ಬಮಜೆಪೈನ್ ಗುಳಿಗೆಯನ್ನು ಸೇವಿಸತೊಡಗಿದವನು ಎರಡು ಮೂರು ವಾರಗಳ ಕಾಲ ನಿರಾತಂಕನಾಗಿದ್ದು, ಆಮೇಲೆ ಒಮ್ಮೆಗೇ ಜ್ವರವೇರಿ, ಕಣ್ಣು ಕೆಂಪಡರಿ, ಬಾಯೆಲ್ಲ ಹುಣ್ಣಾಗಿ, ಮೈಯ ಚರ್ಮವೇ ಸುಲಿಯತೊಡಗುವ ದಾರುಣಾವಸ್ಥೆಗೆ ಈಡಾದನೆಂದರೆ, ಅದರ ಮೂಲವನ್ನು ಟಿ-ಕೋಶಗಳಲ್ಲಿ ಅರಸಬೇಕಾಗುತ್ತದೆ. 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ವೈದ್ಯರು ಇಂಥ ಲಕ್ಷಣಗಳನ್ನು ಇಬ್ಬರು ಬಾಲಕರಲ್ಲಿ ಕಂಡು ವರ್ಣಿಸಿದುದರಿಂದ ಈ ವ್ಯಾಧಿಗೆ ಅವರ ಹೆಸರೇ ನಿಂತಿದೆ.

ದೇಹದ ಬಹುಪಾಲು ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ತುಣುಕುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲೆ, ಹರಿವಾಣದಲ್ಲಿಟ್ಟಂತೆ, ಹೊರಗೆ ಹಿಡಿದು ತೋರುತ್ತಿರುತ್ತವೆ. ಥೈಮಸ್ ಗ್ರಂಥಿಯಲ್ಲಿ ಪಳಗಿ, ಸ್ವಕೀಯವಾವುದು ಪರಕೀಯವಾವುದು ಎಂಬ ವಿವೇಕವನ್ನು ಪಡೆದು ಬಂದ ಟಿ-ಕೋಶವು ಅವನ್ನು ಪರೀಕ್ಷಿಸಿ, ತನ್ನದನ್ನು ಕಂಡರೆ ಸುಮ್ಮನೆ ಸಾಗುತ್ತದೆ, ಅನ್ಯವನ್ನು ಕಂಡರೆ ಕೆರಳುತ್ತದೆ. ಔಷಧದ ಅಣುವಾದರೋ ಅತಿ ಕಿರಿದು. ತಾನಾಗಿ ಈ ಕಾವಲಿನ ಕಣ್ಣಿಗೆ ಬೀಳುವಂಥದಲ್ಲ. ಪೆನಿಸಿಲಿನ್ ರಕ್ತದ ಪ್ರೋಟೀನಿಗೆ ಬೆಸೆದುಕೊಂಡು ಅದರ ರೂಪವನ್ನು ಮಾರ್ಪಡಿಸುತ್ತದೆ. ಎಚ್‌ಐವಿ ಸೋಂಕಿಗೆ ಕೊಡುವ ಅಬಕವಿರ್ ಎಚ್‌ಎಲ್‌ಎಯ ಒಂದು ಪ್ರಭೇದದ ಕುಳಿಯೊಳಗೇ ಸೇರಿ, ಅಲ್ಲಿ ಕೂರುವ ತುಣುಕುಗಳನ್ನೇ ಬದಲಿಸುತ್ತದೆ. ಕಾರ್ಬಮಜೆಪೈನ್ ಯಾವುದರೊಡನೆಯೂ ಬೆಸೆದುಕೊಳ್ಳದೆ, ಎಚ್‌ಎಲ್‌ಎಗೂ ಟಿ-ಕೋಶದ ಗ್ರಾಹಕಕ್ಕೂ ನಡುವೆ ಸಡಿಲವಾಗಿ ನೆಲಸಿದಷ್ಟರಿಂದಲೇ ಅದನ್ನು ಉದ್ರೇಕಿಸಬಲ್ಲುದು. ಈ ಕೊನೆಯ ಬಗೆಯನ್ನು ಪ್ರತಿಪಾದಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೆರ್ನರ್ ಪಿಖ್ಲರ್. ಉದ್ರಿಕ್ತ ಕೋಶವು ಬಹುಸಂಖ್ಯೆಯಾಗಿ ವೃದ್ಧಿಸಲು ದಿನಗಳು ಹಿಡಿಯುವುದರಿಂದಲೇ ವ್ಯಾಧಿಗೆ ಈ ವಿಳಂಬ. ವೃದ್ಧಿಸಿದ ಬಳಿಕ ಅವು ಸ್ರವಿಸುವ ಗ್ರಾನ್ಯುಲೈಸಿನ್ ಎಂಬ ದ್ರವ್ಯವು ಚರ್ಮದ ಕೋಶಗಳನ್ನು ಕೊಲ್ಲುತ್ತದೆ.

ಬಹುಜನಕ್ಕೆ ಹಿತವಾದ ಗುಳಿಗೆಯು ಒಬ್ಬನಿಗೆ ವಿಷವಾಗುವುದೇಕೆ? ಎಚ್‌ಎಲ್‌ಎ ವಂಶಾನುಗತವಾದುದು, ಅದರ ಮಾದರಿ ಒಬ್ಬೊಬ್ಬರಲ್ಲಿ ಒಂದೊಂದು. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪೈನಿನಿಂದ ಈ ವ್ಯಾಧಿಗೆ ತುತ್ತಾದ 44 ಮಂದಿಯನ್ನು ಪರೀಕ್ಷಿಸಲು, ಅಷ್ಟೂ ಮಂದಿಯಲ್ಲಿ ಎಚ್‌ಎಲ್‌ಎ-ಬಿ*15:02 ಎಂಬ ಪ್ರಭೇದವಿದ್ದಿತು. ಅದೇ ಮದ್ದನ್ನು ಸಹಿಸಿಕೊಂಡವರಲ್ಲಿ ಅದು ಇದ್ದುದು ಶೇಕಡ 3ರಷ್ಟು ಮಂದಿಗೆ ಮಾತ್ರ. ಬಳಿಕ ಅಲ್ಲಿಯೇ 4,877 ಮಂದಿಯನ್ನು ಔಷಧಾರಂಭಕ್ಕೆ ಮೊದಲೇ ಪರೀಕ್ಷಿಸಿ, ಈ ಪ್ರಭೇದವುಳ್ಳವರಿಗೆ ಕಾರ್ಬಮಜೆಪೈನನ್ನು ಕೊಡದೆ ಬಿಟ್ಟಾಗ, ಒಬ್ಬರಲ್ಲಿಯೂ ಈ ವ್ಯಾಧಿ ತಲೆದೋರಲಿಲ್ಲವೆಂಬುದು 2011ರಲ್ಲಿ ಪ್ರಕಟವಾಯಿತು. ಭಾರತದ ರೋಗಿಗಳಲ್ಲಿಯೂ ಇದೇ ಪ್ರಭೇದವು ಕಂಡುಬಂದಿದೆ. ಆದರೂ ಪ್ರಭೇದವುಳ್ಳವರಲ್ಲಿ ಬಹುಮಂದಿ ಗುಳಿಗೆ ನುಂಗಿಯೂ ಕ್ಷೇಮವಾಗಿರುತ್ತಾರೆ. ಏಕೆಂದರೆ ವ್ಯಾಧಿ ತಲೆದೋರಬೇಕಾದರೆ ಆ ಪ್ರಭೇದಕ್ಕೂ ಮದ್ದಿಗೂ ಹೊಂದುವ ಗ್ರಾಹಕವುಳ್ಳ ಟಿ-ಕೋಶವೂ ಆ ದೇಹದಲ್ಲಿರಬೇಕು. ಆದುದರಿಂದ ಮದ್ದನ್ನಾಗಲಿ ಮೈಯನ್ನಾಗಲಿ ಪ್ರತ್ಯೇಕವಾಗಿ ದೂರುವಂತಿಲ್ಲ. ಕೇಡು ಅವುಗಳ ಸಂಯೋಗದಿಂದ ಹುಟ್ಟಿದುದು. ಆ ಸಂಯೋಗವನ್ನು ಟಿ-ಕೋಶಗಳ ಸ್ಮೃತಿಯು ವರ್ಷಗಟ್ಟಲೆ ಮರೆಯದಾದ ಕಾರಣ, ಒಮ್ಮೆ ಈ ವ್ಯಾಧಿಯಿಂದ ಪಾರಾದವನು ಆ ಮದ್ದಿನ ಹೆಸರನ್ನು ಬರೆದಿಟ್ಟುಕೊಂಡು, ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಅದನ್ನೇ ತಿಳಿಸತಕ್ಕದ್ದು.